ಪಾದವಸ್ತ್ರದ ಮೂಲೆ

ಸಾವಿರಗಣ್ಣ ದಫೇದಾರ ತನ್ನ ಸರ್ವಿಸಿನಲ್ಲಿ ಒಂದೇ ಒಂದು ಸಲ ಕಣ್ಣು ಪಿಳುಕಿಸಿದ್ದ. ಆ ಅರೆಗಳಿಗೆಯಲ್ಲಿ ಊರಿನ ಅರ್ಧ ಕಳ್ಳರು ತಪ್ಪಿಸಿಕೊಂಡದ್ದರಿಂದ, ಅಂದಿನಿಂದ ಹನ್ನೊಂದು ವರ್ಷ ಅವನು ರೆಪ್ಪೆ ಬಡಿದೇ ಇರಲಿಲ್ಲ. ನಿದ್ದೆಯನ್ನೂ ಕಣ್ಣು ತೆರೆದೇ ಮುಗಿಸುತ್ತಿದ್ದ. ಅವನು ಕಾವಲಿಗೆ ಕೂತ ಬಾಗಿಲಿಗೆ ಬೀಗವೇ ಬೇಡ. ಗಾಳಿ ಕೂಡ ಹೆಸರು ವಿಳಾಸ ಹೇಳಿ, ಅಪ್ಪಣೆ ಪಡೆದು, ಒಳಗೆ ಹೋಗುತ್ತಿತ್ತು.

ಅವನ ಹೆಂಡತಿ ಇದನ್ನು ಪೂರ್ತಿ ಒಪ್ಪುವುದಿಲ್ಲ. "ಅವರು ಕಣ್ಣು ತೆರೆದು ಮಲಗ್ತಾರೋ ಮುಚ್ಚಿ ಮಲಗ್ತಾರೋ ನಾನು ಕಾಣೆ. ಆ ಗೊರಕೆಗೆ ಹನ್ನೊಂದು ವರ್ಷದಿಂದ ಕಣ್ಣು ಮುಚ್ಚದೆ ಇರೋಳು ನಾನು" ಅನ್ನುತ್ತಾಳೆ. ಸಾವಿರಗಣ್ಣ ಎಂಬ ಬಿರುದನ್ನು ಅವನಿಗೆ ಕೊಟ್ಟವರು ಯಾರು ಎಂದರೆ, ಅವನೇ. ಠಾಣೆಯಲ್ಲಿ ಮರೆಯಲ್ಲಿ ಅವನನ್ನು ಬಡಾಯಿ ಅನ್ನುತ್ತಿದ್ದರು. ಎದುರಿಗೂ ಅನ್ನುತ್ತಿದ್ದರು.

ಶುಕ್ರವಾರ ಸಂಜೆ ಏಳೂಕಾಲಿಗೆ ಚರ್ಚಿನ ಫಾದರ್ ಠಾಣೆಗೆ ಬಂದಾಗ, ದಫೇದಾರ ಅದೇ ಚರ್ಚಿನ ಬಾಗಿಲಲ್ಲಿ ಇಡೀ ದಿನದ ಬಂದೋಬಸ್ತ್ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ. ಒಂದು ಬೂಟು ಬಿಚ್ಚಿತ್ತು, ಇನ್ನೊಂದು ಬಾಕಿ ಇತ್ತು.

ಫಾದರ್ ಕೂರಲಿಲ್ಲ. ಇನ್‌ಸ್ಪೆಕ್ಟರೂ ಕೂರುವ ಪೈಕಿ ಅಲ್ಲ. ನಡೆಯದೆ ಅವರಿಗೆ ಯೋಚನೆಯೇ ಓಡುತ್ತಿರಲಿಲ್ಲ. ಅವರ ಕೋಣೆಯ ನೆಲ ಬಾಗಿಲಿಂದ ಕಿಟಕಿಯವರೆಗೆ ಸವೆದು ಕಾಲುವೆಯಾಗಿತ್ತು, ನೀರು ಬಿಟ್ಟರೆ ಎರಡು ಬೆಳೆ ತೆಗೆಯಬಹುದಿತ್ತು. ಹೀಗೆ ಇಬ್ಬರೂ ನಿಂತೇ, ಒಬ್ಬರು ನಡೆಯುತ್ತ, ಒಬ್ಬರು ಕೈ ಹಿಸುಕಿಕೊಳ್ಳುತ್ತ, ದೂರು ಸಾಗಿತು.

"ಏನು ಹೋಗಿದೆ?"

"ಪಾದವಸ್ತ್ರ."

"ಪೂರ್ತಿನಾ?"

"ಇಲ್ಲ. ಒಂದು ಮೂಲೆ. ಹೆಬ್ಬೆರಳಿನಷ್ಟು ಅಗಲ. ಕತ್ತರೀಲಿ ಕತ್ತರಿಸಿದ ಹಾಗಿದೆ."

"ಹೆಬ್ಬೆರಳಿನಷ್ಟು ಬಟ್ಟೆಗೆ ಎಫ್‌ಐಆರಾ ಫಾದರ್?" ಎಂದ ದಫೇದಾರ ಹೊಸ್ತಿಲಿಂದಲೇ, ಒಂಟಿ ಬೂಟಿನಲ್ಲಿ. "ನಮ್ಮನೇಲಿ ಇಲಿ ಅದಕ್ಕಿಂತ ಜಾಸ್ತಿ ತಿನ್ನುತ್ತೆ."

ಇನ್‌ಸ್ಪೆಕ್ಟರ್ ತಿರುಗಿ ನೋಡಿದರು. ದಫೇದಾರ ಬೂಟು ಹಾಕಿಕೊಳ್ಳತೊಡಗಿದ.

ಆ ಬಟ್ಟೆಯ ವಿಷಯ ಊರಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಯೇಸುವನ್ನು ಶಿಲುಬೆಯಿಂದ ಇಳಿಸಿದಾಗ ಗಾಯವಾದ ಪಾದಗಳಿಗೆ ಸುತ್ತಿದ್ದ ಬಟ್ಟೆ ಅದು ಎಂದು ಭಕ್ತರ ನಂಬಿಕೆ. ಅಗಸೆ ನಾರಿನ ನೇಯ್ಗೆ, ಮೊಳದುದ್ದ, ನಡುವೆ ಎರಡು ಕಂದು ಕಲೆ. ಇಪ್ಪತ್ತಾರು ವರ್ಷದ ಹಿಂದೆ ಒಬ್ಬ ವಿಜ್ಞಾನಿ ಅದರ ಮೂಲೆಯಿಂದ ಒಂದು ಚೂರು ಕತ್ತರಿಸಿ, ಅದರ ಇಂಗಾಲವನ್ನು ಅಳೆದು, ಈ ಬಟ್ಟೆಗೆ ಏಳುನೂರೇ ವರ್ಷ ವಯಸ್ಸು ಅಂದಿದ್ದ. ಅಂದರೆ ಯೇಸು ಹೋಗಿ ಹದಿಮೂರು ಶತಮಾನ ಕಳೆದ ಮೇಲೆ ನೇಯ್ದದ್ದು. ಅಂದಿನಿಂದ ಆತ ದೊಡ್ಡ ಪ್ರೊಫೆಸರ್. ಊರು ಎರಡು ಹೋಳು. ಈಗ ಮೂರು ವರ್ಷದಿಂದ ಬಟ್ಟೆ ಬಣ್ಣಗಳ ತಜ್ಞೆಯೊಬ್ಬಳು ಹೊಸ ತಕರಾರು ಎತ್ತಿದ್ದಳು: ಪ್ರೊಫೆಸರ್ ಕತ್ತರಿಸಿದ ಮೂಲೆ ಮೂಲ ಬಟ್ಟೆಯೇ ಅಲ್ಲ, ಹರಿದದ್ದಕ್ಕೆ ಆಮೇಲೆ ಯಾರೋ ಹತ್ತಿ ನೂಲಿಂದ ರಫೂ ಮಾಡಿ ಬಣ್ಣ ಹಚ್ಚಿದ್ದಾರೆ, ಹಳತು ಹೊಸತು ಬೆರೆತು ತಪ್ಪು ಲೆಕ್ಕ ಬಂದಿದೆ ಎಂದು. ಆ ಮೂಲೆಯಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ವಯಸ್ಸಿಗೆ ನಟ್ಟನಡುವಿನಿಂದ ಹೊಸ ಚೂರು ತೆಗೆಯಬೇಕು ಎಂದು ಒಂದು ಸಮಿತಿಯೂ ಆಗಿತ್ತು. ಎರಡೂ ಬರುವ ಮಂಗಳವಾರ. ಶುಕ್ರವಾರ ಪ್ರೊಫೆಸರ್, ತಜ್ಞೆ ಎಲ್ಲ ಸೇರಿ ಬರಿಗಣ್ಣಿನ ಮೊದಲ ಪರಿಶೀಲನೆ. ಹೊರಗೆ "ಅಸಲಿ" "ನಕಲಿ" ಎಂದು ಕೂಗುವ ಎರಡು ಗುಂಪು. ಅದಕ್ಕೇ ದಫೇದಾರನ ಬಂದೋಬಸ್ತ್.

"ಅಂದ್ರೆ, ಹೋಗಿರೋದು ಅದೇ ಮೂಲೆ" ಎಂದರು ಇನ್‌ಸ್ಪೆಕ್ಟರ್.

"ಅದೇ ಮೂಲೆ."

ಎಫ್‌ಐಆರ್ ಬರೆದವಳು ಠಾಣೆಯ ರೈಟರ್, ಮಹಿಳಾ ಕಾನ್‌ಸ್ಟೇಬಲ್. ಬರವಣಿಗೆ ಮುತ್ತಿನ ಹಾಗೆ, ನಾಲಿಗೆ ಸೂಜಿಯ ಹಾಗೆ. ಅವಳು ತಲೆ ಎತ್ತದೆ ಕೇಳಿದಳು: "ದಫೇದಾರಣ್ಣ, ನೀವೇ ಅಲ್ವಾ ಅಲ್ಲಿ ಕಾವಲಿಗಿದ್ದದ್ದು?"

"ನಾನೇ! ಅದಕ್ಕೇ ಹೇಳ್ತಿದೀನಿ, ಹೊರಗಿನೋರು ಯಾರೂ ಹೋಗಿಲ್ಲ. ನೊಣ ಹೋಗಿಲ್ಲ, ಬರಕೋ!"

ಅವಳು ಬರೆದುಕೊಂಡಳು. ನೊಣವನ್ನು ಬಿಟ್ಟು.

ಎಂಟು ಗಂಟೆಗೆ ಸ್ಥಳ ಪಂಚನಾಮೆ. ಪಾದವಸ್ತ್ರ ಇದ್ದದ್ದು ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ, ಗಾಜಿನ ಮುಚ್ಚಳದ ಮರದ ಪೆಟ್ಟಿಗೆಯಲ್ಲಿ. ಕೋಣೆಗೆ ಎರಡೇ ಬಾಗಿಲು. ಒಂದು ಅಂಗಳಕ್ಕೆ, ಅಲ್ಲೇ ದಫೇದಾರನ ಸ್ಟೂಲು. ಇನ್ನೊಂದು ಒಳಗೆ, ಕನ್ಯಾಸ್ತ್ರೀಯರ ಮಠಕ್ಕೆ. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ, ಏಕೆಂದರೆ ಬೀಗವನ್ನೇ ಹಾಕಿರಲಿಲ್ಲ.

"ಯಾಕೆ ಹಾಕಿಲ್ಲ?"

ಉತ್ತರ ಹೇಳಿದವರು ಬೀಗದ ಸಿಸ್ಟರ್. ಕುಳ್ಳಗಿನ ಮುದುಕಿ, ಸೊಂಟದಲ್ಲಿ ಬೀಗದ ಕೈಗೊಂಚಲು, ಅದರ ತೂಕಕ್ಕೇ ಒಂದು ಕಡೆ ವಾಲಿ ನಡೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ಈ ಪೆಟ್ಟಿಗೆ ಅವರ ಪಾಲಿನದು.

"ಪೆಟ್ಟಿಗೆ ತೆರೆದ ದಿನ ಸಂಜೆ ಪ್ರಾರ್ಥನೆ ತನಕ ಬೀಗ ಹಾಕಬಾರದಪ್ಪ. ನಮ್ಮಲ್ಲಿ ಹಿಂದಿಂದಲೂ ಹಾಗೇ. ಗಾಯದ ಬಟ್ಟೆ ಅಲ್ವಾ, ಗಾಯಕ್ಕೆ ಗಾಳಿ ಆಡಬೇಕು ಅಂತ. ಮುಚ್ಚಳ ಸುಮ್ಮನೆ ಇಟ್ಟಿರ್ತೀವಿ."

"ಇದು ಯಾರ್‍ಯಾರಿಗೆ ಗೊತ್ತು?"

"ಇಲ್ಲಿಗೆ ಬಂದು ಹೋಗೋ ಎಲ್ಲರಿಗೂ."

"ನೀವು ಎಲ್ಲಿದ್ರಿ?"

"ಇಲ್ಲೇ ಒಳಗಿನ ಕೋಣೇಲಿ ಇಸ್ತ್ರಿ ಮಾಡ್ತಿದ್ದೆ. ಮಧ್ಯಾಹ್ನ ಮೂರಕ್ಕೆ ವಿಜ್ಞಾನಿಗಳು ಹೊರಟರು. ಆರಕ್ಕೆ ಬೀಗ ಹಾಕೋಕೆ ಬಂದೆ, ಮೂಲೆ ಇರಲಿಲ್ಲ."

ಇನ್‌ಸ್ಪೆಕ್ಟರ್ ಪೆಟ್ಟಿಗೆಯ ಸುತ್ತ ಸುತ್ತಿದರು. ಬಟ್ಟೆ ನೀಟಾಗಿ ಮಲಗಿತ್ತು. ಕತ್ತರಿಸಿದ ಅಂಚಿನ ಕೆಳಗೆ, ಮರಕ್ಕೂ ಬಟ್ಟೆಗೂ ನಡುವೆ, ಅಂಗೈಯಗಲದ ಅಲ್ಯೂಮಿನಿಯಂ ಹಾಳೆಯೊಂದು ಮಡಿಸಿ ಇಟ್ಟಿತ್ತು.

"ಇದು ನಿಮ್ಮದಾ ಸಿಸ್ಟರ್?"

"ಅಲ್ಲ. ಈ ಪೆಟ್ಟಿಗೇಲಿ ನಾನು ಏನೂ ಹಾಸಲ್ಲ, ಬರೀ ಮರ."

"ಯಾರದೋ ತಿಂಡಿ ಕಟ್ಟಿದ ಹಾಳೆ ಸಾರ್" ಎಂದ ದಫೇದಾರ. "ಕಳ್ಳನಿಗೆ ಹಸಿವಾಗಿದೆ, ತಿಂದಿದಾನೆ, ಕೈ ಒರೆಸಿಕೊಳ್ಳೋಕೆ ಬಟ್ಟೆ ಕತ್ತರಿಸಿದಾನೆ. ಕೇಸು ಮುಗೀತು."

ಪಂಚರಿಬ್ಬರೂ ನಕ್ಕರು. ಇನ್‌ಸ್ಪೆಕ್ಟರ್ ಮೂಗಿನ ಹತ್ತಿರ ಹಿಡಿದು ನೋಡಿದರು. ಎಣ್ಣೆಯಿಲ್ಲ, ವಾಸನೆಯಿಲ್ಲ. ಹಾಳೆಯನ್ನು ಲಕೋಟೆಗೆ ಹಾಕಿ ಸೀಲು ಮಾಡಿಸಿದರು. "ಈ ಹಾಳೆ ವಿಷಯ ಈ ಕೋಣೆಯಿಂದ ಹೊರಗೆ ಹೋಗಬಾರದು. ದಫೇದಾರ್ರೇ, ಮುಖ್ಯವಾಗಿ ನಿಮ್ಮ ಬಾಯಿಂದ."

"ನನ್ನ ಬಾಯಾ ಸಾರ್? ಸಮಾಧಿ!"

ಆಮೇಲೆ ಅವನ ಹೇಳಿಕೆ. ನಿಯಮದ ಪ್ರಕಾರ ಕಾವಲಿನವನದೂ ಬರೆದುಕೊಳ್ಳಬೇಕು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಾಗಿಲಿನಿಂದ ದೃಷ್ಟಿ ಕದಲಿಸಿಲ್ಲ, ಮೂರರ ಮೇಲೆ ಅಂಗಳದ ಕಡೆಯಿಂದ ಯಾರೂ ಒಳಗೆ ಹೋಗಿಲ್ಲ ಎಂದು ಅವನು ಹೇಳಿದ; ರೈಟರ್ ಬರೆದಳು; ಅವನು ರುಜು ಹಾಕಿದ. ರುಜುವಿನ ಕೊನೆಗೆ ಎಂದಿನಂತೆ ಎಳೆಯುವ ಬಾಲವನ್ನು ಅಂದು ಎಳೆಯಲಿಲ್ಲ. ಪೆನ್ನಿನಲ್ಲಿ ಶಾಯಿ ಮುಗಿದಿರಬೇಕು.

ಆ ಒಂದು ಕಾಗದದಿಂದ ಲೆಕ್ಕ ಸಲೀಸಾಯಿತು. ಅಂಗಳದ ಬಾಗಿಲಿಂದ ಯಾರೂ ಹೋಗಿಲ್ಲ ಅಂದ ಮೇಲೆ ಉಳಿದದ್ದು ಒಳಬಾಗಿಲು. ಒಳಬಾಗಿಲ ಪಕ್ಕದಲ್ಲಿ ಇದ್ದದ್ದು ಬೀಗದ ಸಿಸ್ಟರ್ ಒಬ್ಬರೇ.

ಮಠದ ಹಿರಿಯ ಮದರ್ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಅವರು ನೋಡಿದರೆ ಹಾಲು ಮೊಸರಾಗುತ್ತಿತ್ತು. ಅದೇ ರಾತ್ರಿ ಗೊಂಚಲನ್ನು ಕೇಳಿ ಪಡೆದರು. "ಬಟ್ಟೆ ಏಳುನೂರು ವರ್ಷದ್ದು ಅಂದ್ರೆ ಭಕ್ತರು ಬರೋದು ನಿಂತುಹೋಗುತ್ತೆ ಅಂತ ಈಕೆಗೆ ದಿಗಿಲಿತ್ತು. ಮೂಲೇನೇ ಇಲ್ಲದಿದ್ರೆ ಪರೀಕ್ಷೆನೇ ಆಗಲ್ಲ ಅಂದುಕೊಂಡಿರಬೇಕು. ಸೋಮವಾರ ಸಂಜೆ ನಾಲ್ಕರ ಬಸ್ಸಿಗೆ ಬೆಟ್ಟದ ಮೇಲಿನ ಮಠಕ್ಕೆ ಕಳಿಸ್ತೀನಿ. ಅಲ್ಲಿ ಪೆಟ್ಟಿಗೇನೂ ಇಲ್ಲ, ಬೀಗಾನೂ ಇಲ್ಲ. ಪೊಲೀಸರು ಬೇಕಾದಾಗ ಅಲ್ಲಿಂದ ಕರೆಸಿಕೊಳ್ಳಲಿ."

"ನಾನು ಕದಿಯೋ ಹಾಗಿದ್ರೆ ಪೂರ್ತಿ ಕದೀತಿದ್ದೆ ಮದರ್, ಮೂಲೆ ಯಾಕೆ?" ಎಂದರು ಸಿಸ್ಟರ್. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಗೊಂಚಲಿಲ್ಲದ ಸೊಂಟದ ಮೇಲೆ ಅವರ ಕೈ ಹೋಗಿ, ಏನೂ ಸಿಗದೆ, ವಾಪಸು ಬಂತು.

ದಫೇದಾರ ಹೊರಗೆ ಹೋಗಿ ಟೀ ಕುಡಿದ. ಕಹಿ. ಆ ಹೋಟೆಲಿನವನು ಸಕ್ಕರೆಯಲ್ಲಿ ಜಿಪುಣ ಎಂದು ಎಲ್ಲರಿಗೂ ಗೊತ್ತು. ಮನೆಗೆ ಹೋಗಿ ಮಲಗಿದ. ಹೆಂಡತಿ ಎರಡು ಸಲ ಎದ್ದು ನೋಡಿದಳು, ಗೊರಕೆ ಇರಲಿಲ್ಲ. ಸೆಖೆ. ಸೆಖೆಗೆ ಸಿಂಹಕ್ಕೂ ನಿದ್ದೆ ಬರುವುದಿಲ್ಲ.

ಶನಿವಾರ ವಿಚಾರಣೆ. ಬಣ್ಣದ ತಜ್ಞೆ ಉಳಿದುಕೊಂಡದ್ದು ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ. ಮೇಜಿನ ತುಂಬ ಗಾಜಿನ ಪಟ್ಟಿಗಳು, ಅಂಟುಟೇಪು, ಭೂತಗನ್ನಡಿ. ಸಿಟ್ಟಿನಲ್ಲಿ ಕೂದಲು ಕೂಡ ನಿಮಿರಿ ನಿಂತಿತ್ತು.

"ನನ್ನ ಮೇಲೆ ಅನುಮಾನಾನಾ? ಆ ಮೂಲೆ ನೋಡೋಕೆ ಮೂರು ವರ್ಷ ಬಡಿದಾಡಿದೋಳು ನಾನು! ಅದು ಹೋದ್ರೆ ನನ್ನ ವಾದಾನೂ ಹೋಯ್ತು."

"ಇಲ್ಲ, ಬಟ್ಟೆ ಮೇಲೆ ನೀವು ಹೇಗೆ ಕೆಲಸ ಮಾಡ್ತೀರಿ ಅಂತ ತಿಳಿಯೋಕೆ ಬಂದೆ" ಎಂದರು ಇನ್‌ಸ್ಪೆಕ್ಟರ್, ಮಂಚಕ್ಕೂ ಕಿಟಕಿಗೂ ನಡುವೆ ಇದ್ದ ಮೂರಡಿಯಲ್ಲೇ ತಿರುಗಾಡುತ್ತ.

"ಅಂಟುಟೇಪು ಒತ್ತಿ ತೆಗೀತೀವಿ. ಎಳೆ ಅಂಟಿಕೊಂಡು ಬರುತ್ತೆ. ಕತ್ತರಿ ಮುಟ್ಟೋದೇ ಇಲ್ಲ."

ಲಕೋಟೆಯ ಹಾಳೆಯನ್ನು ತೋರಿಸಿದರು. ಅವಳು ಮೂಗು ಮುರಿದಳು. "ಇದು ವಯಸ್ಸು ಅಳೆಯೋರ ಹುಚ್ಚು. ಅವರಿಗೆ ಹತ್ತಿ ಆಗಲ್ಲ, ಕಾಗದ ಆಗಲ್ಲ, ಮರ ಆಗಲ್ಲ. ಎಲ್ಲದರಲ್ಲೂ ಇಂಗಾಲ ಇದೆ, ಒಂದು ಎಳೆ ಬೆರೆತರೂ ಲೆಕ್ಕ ಕೆಡುತ್ತೆ ಅಂತ. ಚೂರನ್ನ ಹಾಳೇಲಿ ಸುತ್ತಿ, ಹಾಳೆ ಮೇಲೇ ಮಲಗಿಸ್ತಾರೆ, ಎಳೇ ಮಗು ಥರ." ಆಮೇಲೆ ತಟ್ಟನೆ ಹಾಳೆಯತ್ತ ಬಗ್ಗಿದಳು. "ಇದು ಎಲ್ಲಿ ಸಿಕ್ತು?"

"ತನಿಖೆ ಆಗೋವರೆಗೂ ಯಾರಿಗೂ ಹೇಳಬೇಡಿ, ಮೇಡಂ."

ಮೆಟ್ಟಿಲಿಳಿಯುವಾಗ ಇನ್‌ಸ್ಪೆಕ್ಟರ್ ಕೇಳಿದರು: "ಕದ್ದವನು, ಉಳಿದ ಬಟ್ಟೆ ಕೆಡದ ಹಾಗೆ ಯಾಕೆ ಹಾಳೆ ಹಾಸ್ತಾನೆ ದಫೇದಾರ್ರೇ? ಮಂಗಳವಾರದ ಪರೀಕ್ಷೆ ಸರಿಯಾಗಿ ಆಗಲಿ ಅಂತಾನಾ?"

"ಕಳ್ಳನಿಗೂ ಒಂದು ಮರ್ಯಾದೆ ಇರುತ್ತೆ ಸಾರ್."

"ಆದ್ರೆ ಪ್ರೊಫೆಸರ್ ಹೋಗಿದ್ರೆ ಅಂಗಳದಿಂದಾನೇ ಹೋಗಬೇಕು. ನೀವು ನೋಡಿಲ್ಲ ಅಂತೀರಿ."

"ನೋಡಿದ್ರೆ ಹೇಳ್ತಿರ್ಲಿಲ್ವಾ ಸಾರ್?"

ಇದು ಅಕ್ಷರಶಃ ನಿಜ. ನೋಡಿದ್ದರೆ ಖಂಡಿತ ಹೇಳುತ್ತಿದ್ದ, ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದ. ಆದರೂ ಉಳಿದ ಮೆಟ್ಟಿಲುಗಳನ್ನು ಅವನು ಎರಡೆರಡು ಒಟ್ಟಿಗೆ ಇಳಿದ.

ಭಾನುವಾರ ಅವನಿಗೆ ವಾರದ ರಜೆ. ಮನೆಯಲ್ಲಿ ಕೂರಲಾಗಲಿಲ್ಲ. ಸೈಕಲ್ಲಿಗೆ ಗಾಳಿ ಹಾಕಿದ, ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. "ಏನಾಗಿದೆ ನಿಮಗೆ? ಬೆಕ್ಕು ಮರಿ ಹಾಕೋಕೆ ಜಾಗ ಹುಡುಕೋ ಹಾಗೆ ಸುತ್ತುತಿದೀರಿ" ಎಂದಳು ಹೆಂಡತಿ. ಬೆಕ್ಕಿನ ಮಾತಿಗೆ ಅವನಿಗೆ ಯಾಕೋ ರೇಗಿತು. ಕೊನೆಗೆ, ದೊಡ್ಡ ದೊಡ್ಡ ಪತ್ತೇದಾರರು ಮಾಡುವಂತೆ ಸ್ಥಳವನ್ನು ಇನ್ನೊಮ್ಮೆ ಪರಿಶೀಲಿಸುವ ಸಲುವಾಗಿ, ಚರ್ಚಿನ ಅಂಗಳಕ್ಕೆ ಹೋದ. ಮಠದ ಜಗುಲಿಯಲ್ಲಿ ಸಿಸ್ಟರ್ ತಗಡಿನ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ಟ್ರಂಕು ಅರ್ಧವೂ ತುಂಬಿರಲಿಲ್ಲ.

"ಏನಪ್ಪ, ಇವತ್ತೂ ಕಾವಲಾ?"

"ರಜೆ ಸಿಸ್ಟರ್. ಸುಮ್ಮನೆ ಬಂದೆ."

"ಒಳ್ಳೇದಾಯ್ತು. ಈ ಚಿಲಕ ಸ್ವಲ್ಪ ಒತ್ತು, ನನ್ನ ಕೈಲಾಗಲ್ಲ." ಅವನು ಒತ್ತಿದ. "ಶುಕ್ರವಾರ ನೀನು ಹೊರಗೆ ಏನೋ ಕತೆ ಹೇಳ್ತಿದ್ದೆಯಲ್ಲ, ಜನ ಹೋ ಅಂತ ನಗ್ತಿದ್ರು. ಇಸ್ತ್ರಿ ಮಾಡ್ತಾ ನನಗೆ ಪೂರ್ತಿ ಕೇಳಿಸ್ಲಿಲ್ಲ. ಏನದು?"

ದಫೇದಾರನ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ತಾವಾಗಿ ಕತೆ ಕೇಳಿದ್ದರು, ಅವನಿಗೆ ಹೇಳಲು ಬಾಯಿ ಬರಲಿಲ್ಲ. "ಏನಿಲ್ಲ ಸಿಸ್ಟರ್" ಎಂದ. ಸೈಕಲ್ ಹತ್ತಿದವನು ಚಕ್ರಕ್ಕೆ ಗಾಳಿಯಿಲ್ಲದ್ದನ್ನು ಬೀದಿಯ ಕೊನೆಯವರೆಗೂ ಗಮನಿಸಲಿಲ್ಲ.

ಸೋಮವಾರ ಹತ್ತೂವರೆಗೆ, ಶೋಧನಾ ವಾರಂಟು ಜೇಬಿನಲ್ಲಿಟ್ಟುಕೊಂಡು, ಇನ್‌ಸ್ಪೆಕ್ಟರ್, ದಫೇದಾರ, ರೈಟರ್ ಮೂವರೂ ಪ್ರೊಫೆಸರರ ಪ್ರಯೋಗಾಲಯಕ್ಕೆ ಹೋದರು. ಉದ್ದನೆಯ ತಣ್ಣನೆ ಕೋಣೆ. ಉಕ್ಕಿನ ಕೊಳವೆಗಳು ಗೋಡೆಯಿಂದ ಗೋಡೆಗೆ ಓಡುತ್ತಿದ್ದವು, ಎಲ್ಲೋ ಒಂದು ಪಂಪು ಏದುಸಿರು ಬಿಡುತ್ತಿತ್ತು. ಪ್ರೊಫೆಸರ್ ತೆಳ್ಳಗಿನ, ಬೋಳುತಲೆಯ ಮನುಷ್ಯ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು.

"ಮೂಲೆ ಸಿಕ್ತಾ?"

"ಹುಡುಕ್ತಿದೀವಿ ಸರ್. ಅದಿಲ್ಲದೆ ನಾಳೆ ಪರೀಕ್ಷೆ ನಡೆಯುತ್ತಾ?"

"ನಡೆಯುತ್ತೆ. ನಡೀಬೇಕು. ಹೊಸ ಚೂರು ಮಧ್ಯದಿಂದ ತೆಗೆಯೋದು. ಬಟ್ಟೆಗೆ ಬೇರೇನೂ ತಾಗಿಲ್ಲ ತಾನೆ?"

"ಇಲ್ಲ, ಜೋಪಾನವಾಗಿದೆ. ಫಾದರ್ ಈಗ ಅಡಿಗೆ ಒಂದು ದಪ್ಪ ಹತ್ತಿ ಟವೆಲ್ ಹಾಸಿಸಿದಾರೆ."

"ಹತ್ತಿನಾ?" ಪ್ರೊಫೆಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಕತ್ತರಿಸಿದ ಅಂಚಿಗೆ ಹತ್ತಿ ತಾಗಿಸ್ತಾರಾ ಯಾರಾದ್ರೂ? ಹಾಗಾದ್ರೆ ಹಾಳೆ ಏನಾಯ್ತು? ಯಾರು ತೆಗೆದ್ರು ಅದನ್ನ?"

ಪಂಪು ಏದುಸಿರು ಬಿಡುತ್ತಲೇ ಇತ್ತು. ರೈಟರ್ ಮಾತ್ರ ಬರೆಯುತ್ತಿದ್ದಳು.

"ಯಾವ ಹಾಳೆ ಸರ್?" ಎಂದರು ಇನ್‌ಸ್ಪೆಕ್ಟರ್. ಅವರು ನಡೆಯುವುದನ್ನು ನಿಲ್ಲಿಸಿದ್ದರು.

ಪ್ರೊಫೆಸರ್ ತಪ್ಪಿ ಹಾಕಿದ ಗುಂಡಿಯನ್ನು ಬಿಚ್ಚಿ ಸರಿಯಾದ ಮನೆಗೆ ಹಾಕಿಕೊಂಡರು. ಆಮೇಲೆ ಗೋಡೆಯ ಕಪಾಟು ತೆರೆದು, ಹಿಂದಿನ ಸಾಲಿನಿಂದ ಒಂದು ಗಾಜಿನ ನಳಿಕೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹೆಬ್ಬೆರಳಿನಷ್ಟು ಬಟ್ಟೆ.

"ಟವೆಲ್ ಹಾಸಿಲ್ಲ ಸರ್" ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. "ಮರಾನೂ ತಾಗಲ್ಲ. ಹೊಸ ಹಾಳೆ ಹಾಸಿಸಿದೀನಿ."

"ಒಳ್ಳೇದು ಮಾಡಿದ್ರಿ" ಎಂದರು ಪ್ರೊಫೆಸರ್. ಉಪಕಾರ ಮಾಡಿದವರಿಗೆ ಹೇಳುವ ಹಾಗೆಯೇ ಹೇಳಿದರು.

ಬಂಧನದ ವೇಳೆ ಹನ್ನೊಂದು ಹತ್ತು. ಹೇಳಿಕೆಯನ್ನು ಅಲ್ಲೇ ಬರೆದುಕೊಂಡರು.

"ಆ ತಜ್ಞೆ ಹೇಳ್ತಿರೋದು ಸರಿ. ಆ ಮೂಲೇಲಿ ಹತ್ತಿ ನೂಲಿದೆ. ನನಗೆ ಇಪ್ಪತ್ತಾರು ವರ್ಷದಿಂದ ಗೊತ್ತು. ಕತ್ತರಿಸೋವಾಗಲೇ ಭೂತಗನ್ನಡೀಲಿ ಕಂಡಿತ್ತು, ಒಂದೇ ಒಂದು ಎಳೆ. ಆ ಮೂಲೆ ಬಿಟ್ಟು ಬೇರೆ ಕಡೆ ಕತ್ತರಿಸೋಕೆ ಅನುಮತಿ ಇರಲಿಲ್ಲ. ಎಳೆ ಕಂಡಿದೆ ಅಂದ್ರೆ ಪರೀಕ್ಷೆನೇ ರದ್ದು. ಆ ಅನುಮತಿಗೆ ಆರು ವರ್ಷ ಕಾದಿದ್ದೆ. ಒಂದು ಎಳೆ ತಾನೆ, ಅಂತ ಸುಮ್ಮನಾದೆ."

"ಆಮೇಲೆ ಹೇಳಬಹುದಿತ್ತು."

"ಆಮೇಲೆ ನಾನು ಪ್ರೊಫೆಸರ್ ಆದೆ."

"ನಾಳೆ ಪರೀಕ್ಷೇಲಿ ನಿಮ್ಮ ಲೆಕ್ಕ ಸುಳ್ಳಾದ್ರೆ?"

"ಆಗಲಿ! ಅದಕ್ಕೆ ಹೆದರಿಲ್ಲ. ಬಟ್ಟೆ ವಯಸ್ಸು ಎಷ್ಟೇ ಇರಲಿ, ಸರಿಯಾದ್ದು ಗೊತ್ತಾಗಲಿ. ನೋಡಿಯೂ ಸುಮ್ಮನಿದ್ದೆ ಅನ್ನೋದು ಮಾತ್ರ ಗೊತ್ತಾಗಬಾರದು ಅಂತಿತ್ತು. ಉಳಿದ ಮೂಲೆ ನೋಡಿದೋರು, ಕತ್ತರಿಸಿದವನಿಗೆ ಆ ಎಳೆ ಕಾಣದೇ ಇರುತ್ತಾ ಅಂತ ಕೇಳೇ ಕೇಳ್ತಾರೆ."

"ಮತ್ತೆ ಇದನ್ನ ಸುಟ್ಟು ಹಾಕಬಹುದಿತ್ತಲ್ಲ?"

ಪ್ರೊಫೆಸರ್ ನಕ್ಕರು. "ವಯಸ್ಸು ಅಳೆಯೋದು ಅಂದ್ರೇನೇ ಸುಡೋದು. ಜೀವಮಾನವೆಲ್ಲ ಸುಟ್ಟಿದೀನಿ, ಆದ್ರೆ ತಿಳಿಯೋಕೆ. ಯಾರಿಗೂ ತಿಳಿಯದೆ ಹೋಗಲಿ ಅಂತ ಒಂದು ಎಳೆ ಸುಟ್ಟಿಲ್ಲ. ಮೂರು ರಾತ್ರಿ ಕುಲುಮೆ ಹಚ್ಚಿ ಕೂತೆ. ಕೈ ಬರಲಿಲ್ಲ."

ದಫೇದಾರ ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರಗೆ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ.

"ಒಳಗೆ ಹೇಗೆ ಹೋದ್ರಿ?"

"ಅಂಗಳದಿಂದ. ನಾಲ್ಕು ಗಂಟೆ ಇರಬೇಕು. ಕೂಗೋ ಗುಂಪೆಲ್ಲ ನಿಮ್ಮ ಈ ದಫೇದಾರರ ಸುತ್ತ ಸೇರಿತ್ತು. ಚಿರತೆ ಬಾಲ ಹಿಡಿದು ಎಳೆದ ಕತೆ ಹೇಳ್ತಿದ್ರು. ಬಾಗಿಲಿಗೆ ಬೆನ್ನು ಹಾಕಿದ್ರು, ಚಿರತೆ ಹೇಗೆ ಹಾರಿತು ಅಂತ ಕೈಯೆತ್ತಿ ತೋರಿಸ್ತಾ. ನಾನೂ ಸ್ವಲ್ಪ ಹೊತ್ತು ನಿಂತು ಕೇಳಿದೆ. ಚೆನ್ನಾಗಿತ್ತು. ಆಮೇಲೆ ಒಳಗೆ ಹೋದೆ."

ರೈಟರ್ ಪೆನ್ನು ನಿಲ್ಲಿಸಿದಳು. ಇನ್‌ಸ್ಪೆಕ್ಟರ್ ದಫೇದಾರನ ಕಡೆ ನೋಡಲೂ ಇಲ್ಲ. "ಬರಕೊಳ್ಳಮ್ಮ" ಎಂದರು.

ಮುಂದೆ ತಿಂಗಳೊಪ್ಪತ್ತಿಗೆ ಸಮಿತಿಯ ವರದಿ ಬಂತು. ಮೂಲೆಯಲ್ಲಿ ಹತ್ತಿ ನೂಲು ಇದ್ದದ್ದು ನಿಜ. ನಡುವಿನ ಬಟ್ಟೆಯ ವಯಸ್ಸು ಏಳುನೂರ ನಲವತ್ತು ವರ್ಷ. ತಜ್ಞೆ ಹೇಳಿದ್ದೂ ಸರಿ, ಪ್ರೊಫೆಸರ್ ಹೇಳಿದ್ದೂ ಹೆಚ್ಚುಕಡಿಮೆ ಸರಿ. ಆ ಒಂದು ಎಳೆಯನ್ನು ಅಂದೇ ಹೇಳಿದ್ದರೆ ಅವರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಚರ್ಚಿಗೆ ಬರುವ ಭಕ್ತರು ಮೊದಲಿನಷ್ಟೇ ಬರುತ್ತಾರೆ, ಬರದವರು ಮೊದಲಿನಂತೆಯೇ ಬರುವುದಿಲ್ಲ.

ಆದರೆ ಆ ಸೋಮವಾರ ಮಧ್ಯಾಹ್ನ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಠಾಣೆಯಿಂದ ಮಠಕ್ಕೆ ಫೋನ್ ಮಾಡಿ, ಆರೋಪಿ ಸಿಕ್ಕಿದ್ದಾನೆ, ಅಂಗಳದಿಂದ ಒಳಗೆ ಹೋದೆ ಅಂತ ಒಪ್ಪಿದ್ದಾನೆ, ಸಿಸ್ಟರನ್ನು ಕಳಿಸಬೇಡಿ ಅಂದರು. ಮದರ್ ಜಗ್ಗಲಿಲ್ಲ. ಧ್ವನಿ ಹೊರಗಿನ ಬೆಂಚಿನವರೆಗೂ ಕೇಳಿಸುತ್ತಿತ್ತು.

"ಕಳ್ಳ ಅಂಗಳದಿಂದ ಬಂದೆ ಅಂತಾನೆ. ನಿಮ್ಮ ಪೊಲೀಸಿನೋರೇ ಅಂಗಳದಿಂದ ಯಾರೂ ಬಂದಿಲ್ಲ ಅಂತ ರುಜು ಹಾಕಿದಾರೆ. ನಾನು ಯಾರನ್ನ ನಂಬಲಿ? ಕಳ್ಳನ್ನೋ, ಪೊಲೀಸನ್ನೋ? ಹಾಗಾದ್ರೆ ಒಳಬಾಗಿಲಿಂದ ಬಿಟ್ಟೋರು ಯಾರೋ ಇದಾರೆ. ನಾಲ್ಕು ಗಂಟೆ ಬಸ್ಸು."

ಇನ್‌ಸ್ಪೆಕ್ಟರ್ ಫೋನ್ ಇಟ್ಟು, ತಮ್ಮ ಕಾಲುವೆಯಲ್ಲಿ ಎರಡು ಸಲ ನಡೆದು, ಬಾಗಿಲಿಗೆ ಬಂದರು.

"ದಫೇದಾರ್ರೇ. ಆ ಚಿರತೆ ಎಷ್ಟು ದೊಡ್ಡದಿತ್ತು?"

"ಸಾರ್..."

"ಹೇಳ್ರೀ."

"ಬೆಕ್ಕು ಸಾರ್. ಮೋರೀಲಿ ಸಿಕ್ಕಿಕೊಂಡಿತ್ತು. ಬಾಲ ಹಿಡಿದು ಎಳೆದೆ. ಪರಚಿಬಿಡ್ತು."

ರೈಟರ್ ತುಟಿ ಕಚ್ಚಿಕೊಂಡಳು. ಇನ್‌ಸ್ಪೆಕ್ಟರ್ ನಗಲಿಲ್ಲ.

"ಹೇಳಿಕೆ ತಿದ್ದಿದ್ರೆ ಅಮಾನತು ಆಗುತ್ತೆ. ಇಲಾಖಾ ವಿಚಾರಣೆ, ಬಡ್ತಿ ಮರೆತುಬಿಡಬೇಕು. ತಿದ್ದದೆ ಇದ್ರೆ, ಕಳ್ಳನ ಮಾತು ಒಂದು ಕಡೆ, ನಿಮ್ಮ ಮಾತು ಒಂದು ಕಡೆ. ಕೋರ್ಟು ಏನೋ ಮಾಡಿಕೊಳ್ಳುತ್ತೆ. ನಾನು ಒತ್ತಾಯ ಮಾಡಲ್ಲ." ಒಳಗೆ ಹೋಗಿ, ಎಂದೂ ಇಲ್ಲದ ಹಾಗೆ, ಕುರ್ಚಿಯಲ್ಲಿ ಕೂತರು.

ಗಡಿಯಾರದಲ್ಲಿ ಮೂರೂಕಾಲು. ದಫೇದಾರ ಎದ್ದ, ಕೂತ. ಟೋಪಿ ತೆಗೆದ, ಹಾಕಿಕೊಂಡ. ಪ್ರೊಫೆಸರ್ ಲಾಕಪ್ಪಿನ ಸರಳುಗಳ ಹಿಂದೆ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಒಂದು ಎಳೆ ತಾನೆ, ಅಂತ ಸುಮ್ಮನಾದವರು.

"ದಫೇದಾರಣ್ಣ" ಎಂದಳು ರೈಟರ್, ಮೊದಲ ಸಲ ಸೂಜಿಯಿಲ್ಲದ ದನಿಯಲ್ಲಿ. "ನನ್ನ ಸ್ಕೂಟರ್ ಹೊರಗಿದೆ."

ಮಠದ ಗೇಟಿನಲ್ಲಿ ಆಟೋ ನಿಂತಿತ್ತು. ಟ್ರಂಕು ಆಗಲೇ ಆಟೋದೊಳಗಿತ್ತು; ಸಿಸ್ಟರ್ ಒಂದು ಕಾಲು ಒಳಗಿಟ್ಟಿದ್ದರು. ಮದರ್ ಮೆಟ್ಟಿಲ ಮೇಲೆ ನಿಂತಿದ್ದರು, ಕೈಯಲ್ಲಿ ಗೊಂಚಲು.

ದಾರಿಯಲ್ಲಿ ಅವನು ಮಾತುಗಳನ್ನು ಜೋಡಿಸಿಕೊಂಡಿದ್ದ. ಅಂದು ಸಾವಿರ ಜನ ನುಗ್ಗಿದ್ದರು, ತಾನೊಬ್ಬನೇ ತಡೆದು ನಿಂತೆ, ಧೂಳೆದ್ದು ಕಣ್ಣು ಕಾಣಲಿಲ್ಲ, ಹೀಗೆ. ಮೆಟ್ಟಿಲ ಬುಡಕ್ಕೆ ಬಂದಾಗ ಆ ಸಾವಿರ ಜನರಲ್ಲಿ ಒಬ್ಬನೂ ಜೊತೆಗೆ ಬರಲಿಲ್ಲ.

"ಮದರ್, ನನ್ನ ಹೇಳಿಕೆ ಸುಳ್ಳು" ಎಂದ. "ಹದಿನೈದಿಪ್ಪತ್ತು ಜನ ಇದ್ರು. ಕತೆ ಹೇಳ್ತಾ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೆ, ಅರ್ಧ ಗಂಟೆ. ಯಾರು ಹೋದ್ರೂ ನನಗೆ ಕಾಣ್ತಿರ್ಲಿಲ್ಲ. ಮೂಲೆ ಹೋಗಿದೆ ಅಂತ ಫಾದರ್ ಹೇಳಿದಾಗಲೇ ಇದು ನೆನಪಾಯ್ತು. ಆದ್ರೂ ನೋಡ್ತಿದ್ದೆ ಅಂತ ರುಜು ಹಾಕಿದೆ. ಸಿಸ್ಟರ್ ಮೇಲೆ ಬರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದೆ."

ಮದರ್ ಕನ್ನಡಕದ ಮೇಲಿಂದ ನೋಡಿದರು. "ಅಷ್ಟೇನಾ?"

ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕೇಳಿ ಬರಿಗೈಯಲ್ಲಿ ಹೋದದ್ದಿಲ್ಲ. ಅವನು ಬಾಯಿ ತೆರೆದ. ಸೇರಿಸಲು ಏನೂ ಇರಲಿಲ್ಲ.

"ಅಷ್ಟೇ" ಎಂದ.

ಆಟೋದವನು ಇಂಜಿನ್ ಆರಿಸಿದ. ಸಿಸ್ಟರ್ ಒಳಗಿಟ್ಟಿದ್ದ ಕಾಲನ್ನು ಹೊರಗೆ ತೆಗೆದು, ದಫೇದಾರನನ್ನು ಕರೆದು, ಟ್ರಂಕು ಕೆಳಗಿಳಿಸಲು ಇನ್ನೊಂದು ಕಡೆ ಹಿಡಿ ಎಂದರು.